ಬಾಣಂತಿ ಬೆಕ್ಕು ಮತ್ತು ಅರ್ಧ ಮಾತ್ರೆ

ನಮ್ಮ ಮನೆಯ ಔಷಧದ ಡಬ್ಬಿಗೆ ಮುಚ್ಚಳವಿತ್ತು, ಆದರೆ ಅದು ಮುಚ್ಚುತ್ತಿರಲಿಲ್ಲ. ಒಂದು ಮೂಲೆಯನ್ನು ಅದುಮಿದರೆ ಎದುರಿನ ಮೂಲೆ ಮೇಲೇಳುತ್ತಿತ್ತು. ಅದನ್ನು ಅದುಮಿದರೆ ಮೊದಲಿನದು. ಮೂಲತಃ ಬಿಸ್ಕತ್ತಿನದಾದ ಆ ಚೌಕ ತಗಡಿನ ಡಬ್ಬಿಯ ಮೇಲೆ ಹಿಂದೊಮ್ಮೆ ಗುಲಾಬಿಗಳಿದ್ದವಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ಹೂಗಳೆಲ್ಲ ಅಳಿಸಿಹೋಗಿ ಮುಳ್ಳುಗಳಷ್ಟೇ ಉಳಿದಿದ್ದವು. ಕೊನೆಗೆ ನನ್ನ ಮಾವಶಿ, ಅಂದರೆ ತಾಯಿಯ ತಂಗಿ, ಒಡೆದ ಬೀಸುಕಲ್ಲಿನ ಒಂದು ತುಂಡನ್ನು ಅದರ ಮೇಲಿಟ್ಟು ವಿವಾದಕ್ಕೆ ತೆರೆ ಎಳೆದಿದ್ದಳು. ಔಷಧ ಬೇಕಾದವರು ಮೊದಲು ಕಲ್ಲೆತ್ತಬೇಕು. ಕಲ್ಲೆತ್ತುವಷ್ಟು ಶಕ್ತಿಯಿದ್ದವರಿಗೆ ಔಷಧವೇಕೆ ಎಂಬುದು ಅವಳ ಗಂಡ, ನಮ್ಮ ಕಾಕಾ, ಬಂದವರೆದುರೆಲ್ಲ ಎತ್ತುತ್ತಿದ್ದ ಪ್ರಶ್ನೆ.

ಡಬ್ಬಿ ಹಾಗೆ ಉಬ್ಬಿಕೊಂಡಿದ್ದಕ್ಕೆ ನಮ್ಮ ಮನೆಯವರ ಅನಾರೋಗ್ಯ ಕಾರಣವಲ್ಲ. ಕಾರಣ ಭೂಗೋಳ. ಮಿರಜ ಆಸ್ಪತ್ರೆಗಳ ಊರು. ಅಥಣಿ, ಚಿಕ್ಕೋಡಿ, ರಾಯಬಾಗ, ಜಮಖಂಡಿಗಳ ಕಡೆಯಿಂದ ರೈಲು, ಬಸ್ಸು ಹಿಡಿದು ಅಲ್ಲಿಗೆ ಬರುವ ಪ್ರತಿಯೊಬ್ಬ ರೋಗಿಗೂ ಸಾಂಗಲಿಯ ಸುತ್ತಮುತ್ತ ಯಾರಾದರೊಬ್ಬರು ನೆಂಟರಿರಲೇಬೇಕು, ಮತ್ತು ನಾವಿರುವ ಬುಧಗಾಂವದ ಮಟ್ಟಿಗೆ ಆ ನೆಂಟರು ನಾವೇ. ಬರುವಾಗ ಶೇಂಗಾ ಚಟ್ನಿ ತರುತ್ತಿದ್ದರು, ಹೋಗುವಾಗ ಹೊಲಿಗೆ ಹಾಕಿಸಿಕೊಂಡು ಹೋಗುತ್ತಿದ್ದರು, ಉಳಿದ ಮಾತ್ರೆಗಳನ್ನು ಮಾತ್ರ ನಮ್ಮಲ್ಲೇ ಬಿಡುತ್ತಿದ್ದರು. ‘ಇರ್ಲಿ ಇಟಗೋರಿ, ಮನ್ಯಾಗ ಇದ್ರ ಬೇಕಾಗ್ತಾವ’ ಎನ್ನುವುದು ನಮ್ಮ ಕಡೆಯ ಒಂದು ಸೌಜನ್ಯ. ಬೇರೆ ಮನೆಗಳಲ್ಲಿ ಅತಿಥಿಗಳು ಮಕ್ಕಳ ಕೈಗೆ ಪೇಢೆ ಇಟ್ಟು ಹೋಗುತ್ತಾರೆ; ನಮ್ಮಲ್ಲಿ ಅರ್ಧ ಮುಗಿದ ಮಾತ್ರೆಯ ಚೀಟು. ಹೀಗಾಗಿ ಆ ಡಬ್ಬಿ ನಮ್ಮ ಬಂಧುವರ್ಗದ ವ್ಯಾಧಿಗಳ ವಸ್ತುಸಂಗ್ರಹಾಲಯವಾಗಿತ್ತು. ಓರಗೆಯ ಹುಡುಗಿಯರು ಕಾದಂಬರಿ ಓದುವ ವಯಸ್ಸಿನಲ್ಲಿ ನಾನು ಆ ಚೀಟುಗಳ ಹಿಂದಿನ ಸಣ್ಣ ಅಕ್ಷರಗಳನ್ನು ಓದುತ್ತಿದ್ದೆ. ಅದರಲ್ಲಿ ಕಥೆಯಿರಲಿಲ್ಲ, ಆದರೆ ಎಚ್ಚರಿಕೆಗಳಿದ್ದವು. ನನ್ನ ಸ್ವಭಾವಕ್ಕೆ ಅಷ್ಟು ಸಾಕಿತ್ತು.

ಸ್ವಭಾವದ ಮಾತು ಬಂದದ್ದರಿಂದ ಅದನ್ನೂ ಹೇಳಿ ಮುಗಿಸುತ್ತೇನೆ. ಕನ್ನಡವನ್ನು ಮನೆಯಲ್ಲಿ, ಮರಾಠಿಯನ್ನು ಬೀದಿಯಲ್ಲಿ ಮಾತಾಡುವುದು, ಎರಡನ್ನೂ ಆದಷ್ಟು ಕಡಿಮೆ ಮಾತಾಡುವುದು ನನ್ನ ರೀತಿ. ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿ, ಸಾಂಗಲಿಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದ್ದೆ. ‘ಗಪ್ಪ ಕುಂದ್ರಿ’ ಎಂದು ಬೋರ್ಡು ಹಾಕಿದ ಜಾಗದಲ್ಲಿ ನನಗೆ ಪಗಾರವೂ ಸಿಗುತ್ತದೆಂಬುದು ಕಾಕಾನಿಗೆ ಬಹಳ ದಿನ ನಂಬಲಾಗದ ಸಂಗತಿಯಾಗಿತ್ತು.

ಅದು ಸಹಕಾರದ ಕಾಲ. ಸಕ್ಕರೆ ಸಹಕಾರಿ, ಸಾಲ ಸಹಕಾರಿ, ನೀರು ಸಹಕಾರಿ, ಹಾಲು ಸಹಕಾರಿ. ನಮ್ಮ ಜಿಲ್ಲೆಯಲ್ಲಿ ಸಹಕಾರಕ್ಕೆ ಒಳಪಡದೆ ಉಳಿದದ್ದು ಅತ್ತೆ ಸೊಸೆಯರ ಸಂಬಂಧ ಮಾತ್ರ ಎಂದು ಕಾಕಾ ಹೇಳುತ್ತಿದ್ದ. ಮಾವಶಿ ಹಾಲಿನ ಸಂಘದ ಸದಸ್ಯೆ. ಹಿತ್ತಿಲಲ್ಲಿ ಒಂದು ಎಮ್ಮೆ. ಬೆಳಿಗ್ಗೆ ಸಂಜೆ ಹಾಲು ಕರೆದು, ಊರ ನಡುವಿನ ಕೇಂದ್ರಕ್ಕೆ ತಾನೇ ಒಯ್ದು ಹಾಕುತ್ತಿದ್ದಳು. ಸಂಘದ ಅನುಕೂಲಗಳಲ್ಲಿ ಮುಖ್ಯವಾದದ್ದು ಅದರ ಡಾಕ್ಟರು. ಸದಸ್ಯರ ಹಾಲು ಕೊಡುವ ಪ್ರಾಣಿಗಳನ್ನು ನೋಡಲು ಮೋಟಾರ್ ಸೈಕಲ್ಲಿನ ಮೇಲೆ ಊರೂರು ತಿರುಗುತ್ತಿದ್ದ ಅವರು ಜತ್ತದ ಕಡೆಯವರು, ಹಾಗಾಗಿ ನಮ್ಮ ಮನೆಗೆ ಬಂದಾಗ ಕನ್ನಡದಲ್ಲೇ ಮಾತಾಡುತ್ತಿದ್ದರು. ಎಮ್ಮೆಗೆ ಸೂಜಿ ಚುಚ್ಚಿದಾಗಲೆಲ್ಲ, ಚೀಲದ ಬಕ್ಕಲು ಹಾಕುತ್ತ ಅವರು ಹೇಳುತ್ತಿದ್ದ ಮಾತು ಒಂದೇ: ‘ನಾ ಹೇಳೂ ತನಕ ಹಾಲು ಡೇರಿಗೆ ಹಾಕಬ್ಯಾಡ್ರಿ. ಔಷಧ ಹಾಲಿನ್ಯಾಗ ಇಳೀತೈತಿ.’

ಈ ಮಾತನ್ನು ಊರಿನಲ್ಲಿ ಎಲ್ಲರೂ ಕೇಳುತ್ತಿದ್ದರು. ಪಾಲಿಸುತ್ತಿದ್ದವರು ಕೆಲವರು. ಅವರಲ್ಲಿ ಮಾವಶಿಯ ಪಾಲನೆ ಮಾತ್ರ ವ್ರತದಂತಿತ್ತು. ಎಮ್ಮೆಗೆ ಔಷಧವಾದ ದಿನಗಳಲ್ಲಿ ಅವಳು ಆ ಹಾಲನ್ನು ಡೇರಿಗೆ ಹಾಕುತ್ತಿರಲಿಲ್ಲ, ಚಹಾಕ್ಕೂ ಬಳಸುತ್ತಿರಲಿಲ್ಲ, ಕೇಳಿ ಬಂದವರಿಗೂ ಕೊಡುತ್ತಿರಲಿಲ್ಲ. ಎಲ್ಲವನ್ನೂ ನುಗ್ಗೆಯ ಗಿಡದ ಬುಡಕ್ಕೆ ಸುರಿಯುತ್ತಿದ್ದಳು. ‘ನಮ್ಮ ಗಿಡದ ನುಗ್ಗಿಕಾಯಿ ತಿಂದಾವ್ರಿಗೆ ಥಂಡಿ ಜ್ವರ ಬರೂದಿಲ್ಲ, ಅದ್ರಾಗ ಎಲ್ಲಾ ಇಂಜೆಕ್ಶನ್ ಐತಿ’ ಎಂದು ಕಾಕಾ ಕರಿ ಚಹಾ ಕುಡಿಯುತ್ತ ಗೊಣಗುತ್ತಿದ್ದ. ಮಾವಶಿ ಖಾಲಿ ಪಾತ್ರೆಯನ್ನು ತೊಳೆದಿಡುತ್ತಿದ್ದಳು. ಮುಂಬಯಿಯಲ್ಲೋ ಪುಣೆಯಲ್ಲೋ, ಅವಳು ಎಂದೂ ಕಾಣದ ಯಾರದೋ ಮನೆಯಲ್ಲಿ ಯಾವುದೋ ಕೂಸು ಆ ಹಾಲನ್ನು ಕುಡಿಯುತ್ತದೆಂಬುದು ಅವಳಿಗೆ ನಮ್ಮ ಎಮ್ಮೆಯಷ್ಟೇ ಸ್ಪಷ್ಟವಾಗಿ ಕಾಣುತ್ತಿತ್ತು. ಸಹಕಾರದ ಬಗ್ಗೆ ನಾನು ಓದಿದ ಪುಸ್ತಕಗಳೆಲ್ಲ ಒಳ್ಳೆಯವೇ. ಆದರೆ ಕಾಣದ ಕೂಸಿನ ಮೇಲಿನ ಈ ಕಕ್ಕುಲಾತಿಗೆ ಅವುಗಳಲ್ಲಿ ಒಂದು ಹೆಸರು ಇರಲಿಲ್ಲ.

ಇನ್ನು ಬೆಕ್ಕು. ಜೈನರ ಮನೆಯಲ್ಲಿ ಬೆಕ್ಕು ಇರುವುದು ಸೈದ್ಧಾಂತಿಕವಾಗಿ ತುಸು ಮುಜುಗರದ ವಿಷಯ. ನಾವು ಸಂಜೆ ದೀಪ ಹಚ್ಚುವ ಮೊದಲೇ ಉಂಡು, ನೀರು ಸೋಸಿ ಕುಡಿದು, ಇರುವೆಯನ್ನು ದಾಟಿ ನಡೆಯುವವರು. ಅವಳು ಹಿತ್ತಿಲಲ್ಲಿ ಏನು ಮಾಡುತ್ತಾಳೆಂಬುದನ್ನು ನಾವು ಕೇಳುತ್ತಿರಲಿಲ್ಲ, ಅವಳೂ ತಂದು ತೋರಿಸುತ್ತಿರಲಿಲ್ಲ. ಪರಸ್ಪರ ಗೌರವದ ಮೇಲೆ ನಿಂತ ವ್ಯವಸ್ಥೆ ಅದು. ಅವಳಿಗೆ ಜವಾರಿ ಎಂದು ಹೆಸರಿಟ್ಟವನು ಕಾಕಾ. ಮಿರಜದಲ್ಲಿ ಸಿತಾರು ಮಾಡುವ ಗೆಳೆಯನ ಅಂಗಡಿಯಲ್ಲಿ ಅವನಿಗೆ ಕುಳಿತು ಹರಟುವ ಚಾಳಿ. ತಂತಿಯ ನಾದಕ್ಕೆ ಝೇಂಕಾರ ಬರುವಂತೆ, ತಂತಿಗಳನ್ನು ಹೊರುವ ಕುದುರೆ ಎಂಬ ಪಟ್ಟಿಯನ್ನು ತಿಕ್ಕಿ ಕೂರಿಸುವ ಕುಶಲಕ್ಕೆ ಅಲ್ಲಿ ಜವಾರಿ ಎನ್ನುತ್ತಾರೆ, ನಮ್ಮ ಬೆಕ್ಕಿನ ಗುರುಗುರುವಿನಲ್ಲಿ ಅದೇ ಇದೆ ಎಂದು ಅವನ ವಾದ. ಮಾವಶಿ ಮಾತ್ರ ಜವಾರಿ ಸೌತೆಕಾಯಿ, ಜವಾರಿ ಕೋಳಿ ಎನ್ನುವ ಅರ್ಥದಲ್ಲಿ, ನಾಟಿ ಬೆಕ್ಕು ಎಂದೇ ತಿಳಿದು ಒಪ್ಪಿಕೊಂಡಿದ್ದಳು. ಅನೇಕ ದಾಂಪತ್ಯಗಳಂತೆ ಈ ನಾಮಕರಣವೂ ಎರಡು ಅರ್ಥಗಳಲ್ಲಿ ಸುಖವಾಗಿ ನಡೆದುಕೊಂಡು ಬಂದಿತ್ತು.

ಆ ಗೆಳೆಯನ ಅಂಗಡಿಯಿಂದಲೇ ಒಂದು ಸೋರೆಬುರುಡೆಯೂ ಬಂದಿತ್ತು. ತಂಬೂರಿಯ ಬುಡಕ್ಕೆಂದು ಕೊಯ್ಯುವಾಗ ಸೀಳುಬಿಟ್ಟು ಕೆಲಸಕ್ಕೆ ಬಾರದಾದ, ಹಿಟ್ಟು ನಾದುವ ಪರಾತದಷ್ಟು ಅಗಲದ ಅರ್ಧ ಬುರುಡೆ. ಮಾವಶಿ ಅದರಲ್ಲಿ ಉಳ್ಳಾಗಡ್ಡಿ ತುಂಬಿಡಬೇಕೆಂದಿದ್ದಳು. ಜವಾರಿಯ ಯೋಜನೆ ಬೇರೆಯಿತ್ತು. ಒಂದು ಬೆಳಿಗ್ಗೆ ನೋಡಿದರೆ ಬುರುಡೆಯೊಳಗೆ ಅವಳು, ಅವಳ ಹೊಟ್ಟೆಯ ಬದಿಗೆ ಇನ್ನೂ ಕಣ್ಣು ಬಿಡದ ನಾಲ್ಕು ಮರಿಗಳು. ಸಂಗೀತಕ್ಕೆ ಒಲ್ಲದ ಬುರುಡೆ ಸಂಸಾರಕ್ಕೆ ಒದಗಿತ್ತು. ಉಳ್ಳಾಗಡ್ಡಿ ನೆಲದ ಮೇಲೆಯೇ ಉಳಿಯಿತು.

ಕೆಲವು ದಿನ ಎಲ್ಲ ಸುಸೂತ್ರವಾಗಿತ್ತು. ಆಮೇಲೆ ಜವಾರಿ ಊಟ ಬಿಟ್ಟಳು. ಮಾವಶಿ ಎಮ್ಮೆಯ ಕೆಚ್ಚಲು ನೋಡಿ ಪಳಗಿದ ಬೆರಳುಗಳಿಂದ ಅವಳ ಹೊಟ್ಟೆ ಮುಟ್ಟಿ ನೋಡಿದಾಗ ಒಂದು ಮೊಲೆ ಗಟ್ಟಿಯಾಗಿ ಕೆಂಪೇರಿ ಸುಡುತ್ತಿತ್ತು, ಕಿವಿಗಳೂ ಬಿಸಿಯಾಗಿದ್ದವು. ‘ಬಾವು ಬಂದೈತಿ’ ಎಂದಳು. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಅಥಣಿಯ ಅಪ್ಪಣ್ಣ ಮಾವ ಇದ್ದರು. ಹರ್ನಿಯಾ ಆಪರೇಶನ್ ಮಾಡಿಸಿಕೊಂಡು, ಡ್ರೆಸ್ಸಿಂಗಿಗೆಂದು ಉಳಿದಿದ್ದ ಅವರು ದಪ್ಪ ಮೀಸೆಯ, ಮೃದು ಮನಸ್ಸಿನ ಮನುಷ್ಯ. ಬೆಕ್ಕಿನ ಸಂಕಟ ಅವರಿಂದ ನೋಡಲಾಗಲಿಲ್ಲ. ತಮ್ಮ ಜ್ವರದ ಬಿಳಿ ಮಾತ್ರೆಯೊಂದನ್ನು ಉಗುರಿನಿಂದ ಎರಡಾಗಿ ಮುರಿದು ಅಂಗೈಯಲ್ಲಿಟ್ಟುಕೊಂಡು ಬಂದರು.

‘ನನಗೂ ಜ್ವರ ಬಂದಿತ್ತು ತಂಗಿ, ಇದಽ ಕೊಟ್ರು, ಇಳೀತು. ಅರ್ಧಾ ಹಾಕ. ಸಣ್ಣ ಜೀವ, ಅರ್ಧಾ ಸಾಕು.’

ಮಾವಶಿ ಆ ಅರ್ಧ ಮಾತ್ರೆಯನ್ನು ನೋಡಿದಳು. ‘ಅರ್ಧಾ ಅಂದ್ರ ಯಾರ ಅರ್ಧಾ, ಅಣ್ಣಾ? ನಿಮ್ಮ ಅರ್ಧಾನೋ, ಇದರ ಅರ್ಧಾನೋ?’

‘ಎಲ್ಲಾರ ಜ್ವರಾನೂ ಒಂದಽ ಅಲ್ಲಾ?’

‘ಜ್ವರ ಒಂದಽ ಇರಬಹುದು. ಇದು ಹಾಲು ಕುಡಸೂ ಜೀವ. ಕೇಳದಽ ಏನೂ ಹಾಕೂದಿಲ್ಲ ನಾ.’

‘ಬೆಕ್ಕಿಗೂ ಡಾಕ್ಟರನ್ನ ಕೇಳೂದು ಬಂತೇನು’ ಎಂದು ನಕ್ಕು ಅವರು ಮಾತ್ರೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. ಕಲ್ಲಿನ ಕೆಳಗಿನ ಡಬ್ಬಿಯಲ್ಲಿ ಒಂದು ಇಡೀ ಔಷಧಾಲಯವಿದ್ದೂ ಮಾವಶಿ ಅದರತ್ತ ಕೈ ಚಾಚಲಿಲ್ಲ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಬೆಕ್ಕಿನ ಹೊಟ್ಟೆಗೆ ಒತ್ತುತ್ತ ಕುಳಿತಳು. ಕೈಗೆಟಕುವ ಔಷಧವನ್ನು ಕೊಡದೆ ಕುಳಿತಿರುವುದಕ್ಕೆ ಎಷ್ಟು ಗಟ್ಟಿತನ ಬೇಕೆಂಬುದು, ನಮ್ಮಂಥ ಮಾತ್ರೆಗಳ ನಾಡಿನಲ್ಲಿ ಹುಟ್ಟಿದವರಿಗೇ ಗೊತ್ತು.

ಮರುದಿನ ಡಾಕ್ಟರು ಎಮ್ಮೆ ಗಬ್ಬವಾಗಿದೆಯೋ ಇಲ್ಲವೋ ನೋಡಲು ಬರುವವರಿದ್ದರು. ಅಪ್ಪಣ್ಣ ಮಾವನನ್ನು ಮಿರಜಕ್ಕೆ ಕರೆದೊಯ್ಯಲೆಂದು ನಾನು ರಜೆ ಹಾಕಿದ್ದರಿಂದ ಮನೆಯಲ್ಲೇ ಇದ್ದೆ. ಎಮ್ಮೆಯ ಕೆಲಸ ಮುಗಿಸಿ ಅವರು ಕೈ ತೊಳೆಯುತ್ತಿರುವಾಗ ಕಾಕಾ ಸೋರೆಬುರುಡೆಯನ್ನು ಎರಡೂ ಕೈಯಲ್ಲಿ, ಆರತಿಯ ತಟ್ಟೆಯಂತೆ ಹಿಡಿದುಕೊಂಡು ಬಂದ. ಸಂಘದ ನಿಯಮ ಅವನಿಗೆ ಗೊತ್ತಿತ್ತು.

‘ಡಾಕ್ಟರಸಾಹೇಬ್, ಸದಸ್ಯರ ಹಾಲು ಕೊಡೂ ಜನಾವರ ನೋಡ್ತೀರಿ ಅಲ್ಲಾ? ಇದೂ ಸದ್ಯ ಹಾಲು ಕೊಡಾಕತ್ತೈತಿ. ಗಿರಾಕಿ ನಾಕ ಮಂದಿ ಅದಾರ.’

ಡಾಕ್ಟರು ನಕ್ಕರು. ಆಮೇಲೆ ಅವರು ಮಾಡಿದ್ದು ನನಗೆ ಇಂದಿಗೂ ನೆನಪಿದೆ. ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡರು, ಆದರೆ ತೆರೆಯಲಿಲ್ಲ. ಮೊದಲು ಕೇಳಿದರು: ಮರಿಗಳಿಗೆ ಎಷ್ಟು ದಿನವಾಯಿತು, ಎಲ್ಲವೂ ಕುಡಿಯುತ್ತಿವೆಯೇ, ಇಲ್ಲಿಯವರೆಗೆ ಏನಾದರೂ ಔಷಧ ಹಾಕಿದ್ದೀರಾ. ಮಾವಶಿ ಕಿಟಕಿಯ ಕಟ್ಟೆಯಿಂದ ಅರ್ಧ ಮಾತ್ರೆ ತಂದು, ಇದನ್ನು ಹಾಕು ಎಂದಿದ್ದರು, ಹಾಕಿಲ್ಲ ಎಂದಳು. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು.

‘ಇದನ್ನ ಹಾಕಿದ್ರ ನಾ ಇವತ್ತ ಬೆಕ್ಕು ನೋಡೂದು ಬೇಕಾಗ್ತಿದ್ದಿಲ್ಲ’ ಎಂದರು, ಧ್ವನಿ ಏರಿಸದೆ.

ಮನುಷ್ಯರ ಜ್ವರ ಇಳಿಸುವ ಪ್ಯಾರಾಸಿಟಮಾಲನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲವಂತೆ. ಅದು ಮೈಯಲ್ಲೇ ಉಳಿದು, ರಕ್ತವು ಉಸಿರನ್ನು ಹೊರಲಾರದಂತೆ ಮಾಡುತ್ತದಂತೆ. ಅರ್ಧವಲ್ಲ, ಅದಕ್ಕಿಂತ ಕಡಿಮೆಯೂ ಸಾಕಂತೆ. ಅಪ್ಪಣ್ಣ ಮಾವ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿ, ಮೀಸೆಯ ಮೇಲೆ ಕೈಯಿಟ್ಟುಕೊಂಡು ಒಳಗೆ ಹೋದರು.

ಡಾಕ್ಟರು ಆಗ ಚೀಲ ತೆರೆದರು. ಒಂದು ಬಾಟಲಿ ತೆಗೆದು, ಮರಿಗಳತ್ತ ನೋಡಿ, ಮರಳಿ ಇಟ್ಟರು; ಇದು ಹಾಲಿನಲ್ಲಿಳಿದು ಮರಿಗಳ ಎಲುಬು ಹಲ್ಲುಗಳಲ್ಲಿ ಕೂರುತ್ತದೆ ಎಂದರು. ಇನ್ನೊಂದನ್ನು ತೆಗೆದರು. ಎಮ್ಮೆಗಳಿಗೆ ಪಿಚಕಾರಿಯಂಥ ಸಿರಿಂಜು ಹಿಡಿಯುವ ಆ ಕೈ ಈಗ ಕಾಣಿಸದಷ್ಟು ಔಷಧವನ್ನು ಎಳೆದುಕೊಂಡಿತು. ‘ಸೂಜಿ ಒಂದಽ. ಪೇಶಂಟ್ ಐದು’ ಎಂದು ತಮ್ಮಷ್ಟಕ್ಕೇ ಹೇಳಿಕೊಂಡು ಚುಚ್ಚಿದರು. ಬಿಸಿ ಬಟ್ಟೆಯ ಕಾವು ನಿಲ್ಲಿಸಬೇಡಿ ಎಂದರು. ಅಷ್ಟರಲ್ಲಿ ಪಕ್ಕದ ಊರಿನಿಂದ ಒಬ್ಬ ಸೈಕಲ್ ತುಳಿದುಕೊಂಡು ಬಂದು, ತನ್ನ ಆಕಳ ಕರು ಅಡ್ಡ ಬಿದ್ದಿದೆ, ಹೊರಬರುತ್ತಿಲ್ಲ ಎಂದ. ಡಾಕ್ಟರು ಬಕ್ಕಲು ಹಾಕದ ಚೀಲವನ್ನೇ ಹೆಗಲಿಗೇರಿಸಿ ಹೊರಟುಬಿಟ್ಟರು.

ನಾನು ಅಪ್ಪಣ್ಣ ಮಾವನನ್ನು ಮಿರಜಕ್ಕೆ ಕರೆದೊಯ್ದು, ಡ್ರೆಸ್ಸಿಂಗ್ ಮಾಡಿಸಿ, ಸಂಜೆಯ ಬಸ್ಸಿಗೆ ಮರಳಿದೆ. ಅಡುಗೆಮನೆಯಲ್ಲಿ, ಒಲೆಯ ಬದಿಗೆ ಒಂದು ಬಿದಿರಿನ ಬುಟ್ಟಿ. ಅದರಲ್ಲಿ ಮಾವಶಿಯ ಹಳೆಯ ಸೀರೆ. ಸೀರೆಯಲ್ಲಿ ನಾಲ್ಕು ಮರಿಗಳು. ಮಾವಶಿ ದೇವರ ದೀಪಕ್ಕೆ ಹೊಸೆದ ಹತ್ತಿಯ ಬತ್ತಿಯನ್ನು ಕಾಸಿದ ಎಮ್ಮೆಯ ಹಾಲಿನಲ್ಲಿ ಅದ್ದಿ ಒಂದೊಂದರ ಬಾಯಿಗೆ ಇಡುತ್ತಿದ್ದಳು. ಕದ ಹಾಕಿದ ಪಕ್ಕದ ಕೋಣೆಯಿಂದ ಜವಾರಿಯ ಕೂಗು ಕೇಳುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಮಾವಶಿ ಹೇಳಿದಳು.

‘ಇಂಜೆಕ್ಶನ್ ಹಾಕ್ಯಾರ. ಔಷಧ ಹಾಲಿನ್ಯಾಗ ಇಳೀತೈತಿ. ಮುಂಬಯಿ ಮಂದೀಗೆ ಹಾಕಲಾರದ ಹಾಲು ಇವಕ್ಕ ಹ್ಯಾಂಗ ಕುಡಸಲಿ?’

ಓದುಗರೇ, ಈ ತರ್ಕದಲ್ಲಿ ನೀವು ಒಂದು ಬಿರುಕನ್ನು ತೋರಿಸಿ ನೋಡೋಣ. ನನಗಂತೂ ಆ ಸಂಜೆ ಕಾಣಲಿಲ್ಲ. ಬೇರೆ ಯಾವ ಸೀಮೆಯ ಹೆಂಗಸೂ ಹೀಗೆ ಯೋಚಿಸಿರಲಾರಳು. ಹಾಲನ್ನು ಅಳೆದು, ಪರೀಕ್ಷಿಸಿ, ದೂರದ ಊರಿಗೆ ಕಳಿಸುವ ಸಂಘವೊಂದರ ಪ್ರಾಮಾಣಿಕ ಸದಸ್ಯೆ ಮಾತ್ರ ಯೋಚಿಸಬಹುದಾದ ರೀತಿ ಅದು. ಎಮ್ಮೆಗೊಂದು ನ್ಯಾಯ, ಬೆಕ್ಕಿಗೊಂದು ನ್ಯಾಯ ಎನ್ನದ ಆ ಸಮದೃಷ್ಟಿಯನ್ನು ಕಂಡು ನನ್ನ ಮನಸ್ಸು ತುಂಬಿ ಬಂತು ಎಂದರೆ ಉತ್ಪ್ರೇಕ್ಷೆಯಲ್ಲ.

ಆದರೆ ಬೆಳಗಿನ ಹೊತ್ತಿಗೆ ಮರಿಗಳ ಹೊಟ್ಟೆ ತಬಲಾದಂತೆ ಬಿಗಿದಿತ್ತು. ಎಮ್ಮೆಯ ಹಾಲು ಅವುಗಳಿಗೆ ಒಗ್ಗಿರಲಿಲ್ಲ. ಬುಟ್ಟಿಯ ಸೀರೆಯೇ ಅದನ್ನು ಹೇಳುತ್ತಿತ್ತು. ಮೂರು ಮರಿಗಳು ಕ್ಷೀಣವಾಗಿ ಅಳುತ್ತಿದ್ದವು. ಎಲ್ಲಕ್ಕಿಂತ ಸಣ್ಣದು, ಬೂದಿ ಬಣ್ಣದ್ದು, ಅಳುವುದನ್ನೂ ಬಿಟ್ಟಿತ್ತು. ಅದರ ಪಾದಗಳು ತಣ್ಣಗಿದ್ದವು. ಅತ್ತ ಜವಾರಿಯ ಹೊಟ್ಟೆ, ಹಾಲು ಕುಡಿಯುವವರಿಲ್ಲದೆ, ಇನ್ನೊಂದು ಬದಿಗೂ ಗಟ್ಟಿಯಾಗತೊಡಗಿತ್ತು. ಮಾವಶಿ ಸಣ್ಣ ಮರಿಯನ್ನು ಸೆರಗಿನೊಳಗೆ, ಎದೆಗೆ ಅವಚಿಕೊಂಡು ಕುಳಿತಿದ್ದಳು. ಕಾಕಾನಿಗೂ ಹಾಸ್ಯ ಹೊಳೆಯದ ಬೆಳಗು ಅದು.

‘ಕುಡಿಸಿದ್ರ ಔಷಧ, ಕುಡಿಸದಿದ್ರ ಉಪವಾಸ’ ಎಂದಳು ಮಾವಶಿ. ‘ನಡುವ ಏನರ ಐತೇನು, ನಿನ್ನ ಪುಸ್ತಕದಾಗ?’

ಪುಸ್ತಕದಲ್ಲಿ ಇರಲಿಲ್ಲ. ಇದ್ದರೆ ಡಾಕ್ಟರಲ್ಲಿ ಇರಬೇಕು. ಅವರು ಬೆಳಿಗ್ಗೆ ಹಾಲಿನ ಕೇಂದ್ರದಲ್ಲಿ ಚಹಾ ಕುಡಿದೇ ಮುಂದಿನ ಊರಿಗೆ ಹೋಗುವವರು. ಮಾವಶಿ ಮರಿಯನ್ನು ಎದೆಯಿಂದ ತೆಗೆಯುವಂತಿರಲಿಲ್ಲ. ಕಾಕಾ ಎಮ್ಮೆ ಕರೆಯುತ್ತಿದ್ದ. ಹೀಗಾಗಿ ಅವನು ಅಲ್ಲಿಯವರೆಗೆ ಕರೆದಷ್ಟು ಹಾಲಿನ ಕ್ಯಾನು ಹಿಡಿದು ನಾನು ಹೊರಟೆ.

ದಾರಿಯುದ್ದಕ್ಕೂ ಒಂದು ವಾಕ್ಯವನ್ನು ಕಟ್ಟುತ್ತ ಹೋದೆ. ಕೇಂದ್ರದಲ್ಲಿ ಆ ಹೊತ್ತಿಗೆ ಸಾಲಾಗಿ ನಿಂತಿರುವವರೆಲ್ಲ ಗಂಡಸರು. ಅವರ ಮುಂದೆ ನಾನು ಒಂದು ಬೆಕ್ಕಿನ ಮೊಲೆಯ ವಿಷಯ ಎತ್ತಬೇಕು. ಆದ್ದರಿಂದ ಮರಾಠಿಯ ಅತ್ಯಂತ ಗಂಭೀರವಾದ ಸಂಸ್ಕೃತ ಶಬ್ದಗಳನ್ನು ಆರಿಸಿಕೊಂಡೆ. ಡಾಕ್ಟರು ಇನ್ನೂ ಬಂದಿರಲಿಲ್ಲ. ಕ್ಯಾನು ಬರಿದಾದ ಮೇಲೂ ಯಾಕೆ ಕಾಯುತ್ತಿದ್ದೀರಿ ಎಂದು ಹಾಲು ಅಳೆಯುವವರು ಕೇಳಿದಾಗ, ಕಟ್ಟಿಟ್ಟ ವಾಕ್ಯ ಒಮ್ಮೆಲೇ ಹೊರಗೆ ಬಿದ್ದಿತು: ಸ್ತನಪಾನ ಮಾಡಿಸುತ್ತಿರುವ ಮಾರ್ಜಾಲಕ್ಕೆ ಔಷಧೋಪಚಾರವಾದ ನಂತರ ಶಾವಕಗಳ ಪೋಷಣೆ ಹೇಗೆ ಎಂಬ ಬಗ್ಗೆ. ಇಡೀ ಸಾಲು ನನ್ನತ್ತ ತಿರುಗಿತು. ನನ್ನ ಜೀವನದ ಏಕೈಕ ಸಾರ್ವಜನಿಕ ಭಾಷಣ ಅದು.

ಮರುಕ್ಷಣವೇ ಸರ್ವಸಾಧಾರಣ ಸಭೆ ಸೇರಿಬಿಟ್ಟಿತು. ಸಹಕಾರದಲ್ಲಿ ಒಬ್ಬೊಬ್ಬರಿಗೂ ಒಂದು ಮತ. ಆ ಬೆಳಿಗ್ಗೆ ಯಾರೂ ತಮ್ಮ ಮತವನ್ನು ವ್ಯರ್ಥ ಮಾಡಲಿಲ್ಲ. ಅರಿಶಿನ ಹಚ್ಚಿ ಎಂದ ಒಬ್ಬ. ಎಮ್ಮೆಯ ಮೈಯ ಉಣ್ಣೆಹುಳಕ್ಕೆ ಹಾಕುವ ಪುಡಿ ಚಿಮುಕಿಸಿ, ಎಲ್ಲ ರೋಗ ಚಿಗಟದಿಂದಲೇ ಎಂದ ಇನ್ನೊಬ್ಬ. ಪೊಟ್ಟಣವನ್ನೂ ಚೀಲದಿಂದ ತೆಗೆದ. ‘ಮಾಂಜರೀಚ್ಯಾ ದುಧಾಲಾ ಫ್ಯಾಟ್ ಕಿತಿ?’ ಎಂದು, ಬೆಕ್ಕಿನ ಹಾಲಿಗೆ ಕೊಬ್ಬಿನಂಶ ಎಷ್ಟು ಬರುತ್ತದೆಂದು, ಸಾಲಿನ ಹಿಂದಿನಿಂದ ಯಾರೋ ಕೇಳಿದರು. ಮೊದಲು ಅದು ಸಂಘದ ಶೇರು ತೆಗೆದುಕೊಳ್ಳಲಿ, ಆಮೇಲೆ ನೋಡೋಣ ಎಂದರು ಹಾಲು ಅಳೆಯುವವರು. ನಗು ಹರಡಿತು. ನಾನು ಕ್ಯಾನಿನ ಹಿಡಿಕೆಯನ್ನು ನೋಡುತ್ತ ನಿಂತೆ. ಹೊರಟುಹೋಗುವ ಆಸೆ ಬಲವಾಗಿತ್ತು; ಆದರೆ ಆ ತಣ್ಣಗಿನ ಪಾದಗಳು ನನ್ನ ಬೆರಳ ತುದಿಯಲ್ಲಿ ಇನ್ನೂ ಇದ್ದವು.

ಡಾಕ್ಟರು ಬಂದು, ಚಹಾದ ಕಪ್ಪು ಎತ್ತಿಕೊಂಡು, ನಗುವಿನ ಕಾರಣ ಕೇಳಿದರು. ನಾನು ಈ ಸಲ ಮನೆಯ ಕನ್ನಡದಲ್ಲಿ, ನಡೆದಷ್ಟನ್ನು ಹೇಳಿದೆ. ಅವರು ಕಪ್ಪನ್ನು ಕುಡಿಯದೆ ಕೆಳಗಿಟ್ಟರು.

‘ಮರಿ ಬಿಡಸ್ರಿ ಅಂತ ಯಾರ ಹೇಳಿದ್ರು?’

‘ನೀವಽ ರಿ’ ಎಂದೆ. ‘ಪ್ರತಿ ಸಲ ಹೇಳ್ತೀರಿ. ಎಮ್ಮಿಗೆ.’

ಅಲ್ಲಿ ಅವರ ಜಾಗದಲ್ಲಿ ಬೇರೆ ಯಾರಾದರೂ ಇದ್ದಿದ್ದರೆ ಹಣೆ ಚಚ್ಚಿಕೊಂಡು ಸಾಲಿನವರೊಡನೆ ನಗುತ್ತಿದ್ದರೋ ಏನೋ. ಡಾಕ್ಟರು ನಗಲಿಲ್ಲ. ‘ಹೌದು. ಎಮ್ಮಿಗೆ ಹೇಳೇನಿ, ಬೆಕ್ಕಿಗೆ ಹೇಳೂದು ಬಿಟ್ಟೇನಿ’ ಎಂದರು. ಆಮೇಲೆ ಸಾಲಿನವರಿಗೂ ಕೇಳುವಂತೆ ಹೇಳಿದರು: ‘ಎಮ್ಮಿ ಹಾಲು ಕುಡಿಯಾವ್ರು ಮಂದಿ. ಅದು ಇಲ್ಲಂದ್ರ ಮತ್ತೊಂದ ಹಾಲು ತಗೊಂಡಾರು. ಮರೀಗೆ ಮತ್ತೊಂದ ಅಂಗಡಿ ಇಲ್ಲ. ಅದಕ್ಕಽ ನಾ ಹಾಲಿನ್ಯಾಗ ಇಳದ್ರೂ ನಡಿಯೂವಂಥಾ ಔಷಧ ಆರಿಸಿ ಹಾಕೇನಿ. ಮತ್ತ ಆ ಪುಡಿ ಒಳಗ ಇಡ್ರಿ. ತಾಯಿ ಮೈ ನೆಕ್ಕೂದು, ಮರಿ ಅದನ್ನಽ ಚೀಪೂದು. ಒಂದ ಚಿಟಿಕಿ ಸಾಕು ಮನಿ ಖಾಲಿ ಆಗಾಕ.’ ಪೊಟ್ಟಣ ಚೀಲದೊಳಗೆ ಹೋಯಿತು. ಚಹಾ ಅಲ್ಲೇ ಉಳಿಯಿತು. ಅವರ ಮೋಟಾರ್ ಸೈಕಲ್ಲು ನಮ್ಮ ಮನೆಯ ದಿಕ್ಕಿಗೆ ತಿರುಗಿತು. ನಾನು ಖಾಲಿ ಕ್ಯಾನು ಹಿಡಿದು ಹಿಂದೆ ಓಡಿದೆನೆಂದರೆ, ನನ್ನನ್ನು ಬಲ್ಲವರು ನಂಬುವುದಿಲ್ಲ.

ನಾನು ಮುಟ್ಟುವ ಹೊತ್ತಿಗೆ ಡಾಕ್ಟರು ಬುರುಡೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಜವಾರಿಯ ಬಾವನ್ನು ಪರೀಕ್ಷಿಸಿ, ಕೀವಾಗಿಲ್ಲ, ಮರಿಗಳು ಕುಡಿದರೆ ಅದೂ ಸಡಿಲಾಗುತ್ತದೆ ಎನ್ನುತ್ತಿದ್ದರು. ಮರಿಗಳನ್ನು ಒಂದೊಂದಾಗಿ ಬುರುಡೆಯೊಳಗೆ ಇಟ್ಟರು. ಜವಾರಿ ಮೂಸಿದಳು. ಅವುಗಳ ಮೈಯಿಂದ ಬರುತ್ತಿದ್ದದ್ದು ಎಮ್ಮೆಯ, ಹೊಗೆಯ, ದೀಪದೆಣ್ಣೆಯ ವಾಸನೆ. ಅವಳು ಮುಖ ತಿರುಗಿಸಿದಳು.

ಮಾವಶಿಯ ಮುಖವನ್ನು ನಾನು ನೋಡಲಾರದಾದೆ. ತನ್ನ ಸತ್ಯದಿಂದಲೇ ಕೊಂದೆನೇ ಎಂದು ಯೋಚಿಸುತ್ತಿರುವ ಮುಖವನ್ನು ನೋಡುವುದು ಮರ್ಯಾದೆಯಲ್ಲ.

ಡಾಕ್ಟರು ಜವಾರಿಯ ಕೆಳಗಿದ್ದ ಬಟ್ಟೆಯ ಚೂರನ್ನು ಎಳ್ಳಷ್ಟೂ ಅವಸರವಿಲ್ಲದೆ ಹೊರತೆಗೆದು ಮಾವಶಿಯ ಕೈಗೆ ಕೊಟ್ಟರು. ‘ಇದರ್ಲೆ ಒರಸ್ರಿ. ತಾಯಿ ವಾಸನಿ ಹತ್ತಲಿ.’ ಮಾವಶಿ ಮೂರು ಮರಿಗಳನ್ನೂ ಒರೆಸಿದಳು. ಕೊನೆಗೆ ಸೆರಗಿನಿಂದ ಬೂದಿ ಬಣ್ಣದ್ದನ್ನು ತೆಗೆದು, ಅದರ ಪಾದಗಳನ್ನೂ ಬಿಡದೆ, ಪೂಜೆಯ ಪಾತ್ರೆಯನ್ನು ಒರೆಸುವಂತೆ ಒರೆಸಿ, ಒಳಗಿಟ್ಟಳು. ಜವಾರಿ ಮತ್ತೆ ಮೂಸಿದಳು. ಎಷ್ಟೋ ಹೊತ್ತು ಮೂಸಿದಳು ಎನ್ನಿಸಿತು. ಆಮೇಲೆ ನಾಲಿಗೆ ಹೊರಬಂತು. ಮೊದಲು ಒಂದರ ಕಿವಿ, ನಂತರ ಇನ್ನೊಂದರ ಬೆನ್ನು, ನಂತರ ಆ ಸಣ್ಣದರ ಇಡೀ ತಲೆ. ಮೂರು ತಾವಾಗಿಯೇ ಹೊಟ್ಟೆ ಹುಡುಕಿಕೊಂಡವು. ಸಣ್ಣದನ್ನು ಡಾಕ್ಟರು ಬೆರಳ ತುದಿಯಿಂದ ಮೊಲೆಯ ಬಳಿ ಹಿಡಿದರು. ಅದು ಹಿಡಿಯಲಿಲ್ಲ. ಮತ್ತೆ ಹಿಡಿದರು. ಅದರ ಮುಂಗಾಲುಗಳು ಅಲುಗಿ, ಹೊಟ್ಟೆಯನ್ನು ಒಮ್ಮೆ ಒತ್ತಿದವು, ಬಿಟ್ಟವು, ಮತ್ತೆ ಒತ್ತಿದವು.

ಆಗ ಜವಾರಿಯ ಗುರುಗುರು ಶುರುವಾಯಿತು. ತಂಬೂರಿಯ ಬುಡಕ್ಕೆಂದು ಬೆಳೆದ ಬುರುಡೆ ಅದು. ಸೀಳಿದ್ದರೂ ತನ್ನ ಕೆಲಸ ಮರೆತಿರಲಿಲ್ಲ. ಆ ಸಣ್ಣ ಕಂಠದ ಝೇಂಕಾರವನ್ನು ಹಿಡಿದು, ತುಂಬಿಕೊಂಡು, ಅಡುಗೆಮನೆಯ ತನಕ ಕೇಳುವಂತೆ ಹೊರಗೆ ಬಿಟ್ಟಿತು. ‘ಕೇಳಿದ್ರ್ಯಾ?’ ಎಂದ ಕಾಕಾ. ಮಾವಶಿ ಆವರೆಗೆ ನಿಂತೇ ಇದ್ದಳೆಂಬುದು, ಅವಳು ನೆಲಕ್ಕೆ ಕುಳಿತಾಗ ನಮಗೆ ಗೊತ್ತಾಯಿತು.

ಹೊರಡುವಾಗ ಡಾಕ್ಟರು ಈ ಸಲ ಚೀಲದ ಬಕ್ಕಲು ಹಾಕಿದರು. ‘ಮಾವಶಿ, ನೀವು ಮಾಡಿದ್ದು ತಪ್ಪಲ್ಲ. ಪೂರಾ ಆಗಿದ್ದಿಲ್ಲ, ಅಷ್ಟಽ. ಒಂದ ಮಾತು ಕೇಳೂದು ಉಳದಿತ್ತು.’

‘ನೀವೂ ಒಂದ ಮಾತು ಹೇಳೂದು ಉಳದಿತ್ತು’ ಎಂದಳು ಮಾವಶಿ.

‘ಹೌದ್ರಿ’ ಎಂದು ಅವರು ಒಪ್ಪಿಕೊಂಡು, ತಣ್ಣಗಾದ ಚಹಾದ ಬದಲು ನಮ್ಮ ಮನೆಯ ಬಿಸಿ ಚಹಾ ಕುಡಿದು ಹೋದರು.

ಆ ಇಬ್ಬರ ಮಾತನ್ನೂ ನಾನು ಆಗಾಗ ನೆನೆಯುತ್ತೇನೆ. ಅರ್ಧ ಮಾತ್ರೆಯಿಂದ ಜವಾರಿಯನ್ನು ಉಳಿಸಿದ ನಿಯಮವೂ, ಮರಿಗಳನ್ನು ಅವಳಿಂದ ಬಿಡಿಸಿದ ನಿಯಮವೂ ಒಂದೇ. ನಿಯಮ ಬದಲಾಗಿರಲಿಲ್ಲ, ಹಾಲು ಕುಡಿಯುವವರು ಬದಲಾಗಿದ್ದರು. ಔಷಧವೆಂಬುದು ಕೊಟ್ಟವರ ಕೈಯಿಂದ ಕುಡಿದವರ ಹೊಟ್ಟೆಗೆ ಹೋಗಿ ಅಲ್ಲಿಗೇ ನಿಲ್ಲುವ ವಸ್ತುವೆಂದು ನಾವು ತಿಳಿದಿರುತ್ತೇವೆ. ಅದು ನಿಲ್ಲುವುದಿಲ್ಲ, ಯಾರು ಯಾರನ್ನು ಪೋಷಿಸುತ್ತಿದ್ದಾರೋ ಅವರ ತನಕ ನಡೆದುಹೋಗುತ್ತದೆ. ಮಾವಶಿಗೆ ಇದು ಮೊದಲೇ ಗೊತ್ತಿತ್ತು. ಆ ದಿನದಿಂದ ಅವಳು ಅದಕ್ಕೆ ಒಂದು ಪ್ರಶ್ನೆಯನ್ನು ಸೇರಿಸಿಕೊಂಡಳು, ಮತ್ತು ಯಾವುದನ್ನೂ ಅರೆಮನಸ್ಸಿನಿಂದ ಮಾಡುವವಳಲ್ಲವಾದ್ದರಿಂದ ಎಲ್ಲರಿಗೂ ಅದನ್ನೇ ಕೇಳತೊಡಗಿದಳು. ಅಪ್ಪಣ್ಣ ಮಾವ ಮುಂದಿನ ಸಲ ತಪಾಸಣೆಗೆ ಬಂದವರು, ಮೊಣಕಾಲು ನೋವೆಂದು ಡಬ್ಬಿಯ ಕಲ್ಲಿಗೆ ಕೈ ಹಚ್ಚಿದಾಗ, ಒಳಗಿನಿಂದ ಅವಳ ಧ್ವನಿ ಬಂತು:

‘ಅಣ್ಣಾ, ನಿಮ್ಮ ಹಾಲು ಯಾರ ಕುಡಿಯಾಕತ್ತಾರ?’

ಅವರ ಮೀಸೆಯ ಎರಡೂ ತುದಿಗಳು ಕೆಳಗಿಳಿದದ್ದನ್ನು ನಾನು ಕಣ್ಣಾರೆ ಕಂಡೆ. ಅವರು ಕಲ್ಲನ್ನು ಇದ್ದಲ್ಲೇ ಬಿಟ್ಟು, ಮಿರಜಕ್ಕೆ ಹೋದಾಗ ಡಾಕ್ಟರನ್ನೇ ಕೇಳಿದರು.

ಈಗ ಆ ಡಬ್ಬಿಯ ಮುಚ್ಚಳ ಮುಚ್ಚುತ್ತದೆ. ನೆಂಟರು ಹೊರಡುವಾಗ ಮಾವಶಿ ಅವರ ಚೀಲದಲ್ಲಿ ಶೇಂಗಾ ಹೋಳಿಗೆಯ ಜೊತೆ ಅವರವರ ಮಾತ್ರೆಗಳನ್ನೂ ಇಟ್ಟು ಕಳಿಸುತ್ತಾಳೆ. ಒಳಗೆ ನಮ್ಮವೆಂದು ಉಳಿದಿರುವುದು ಬಹಳ ಸ್ವಲ್ಪ. ಬೀಸುಕಲ್ಲಿನ ತುಂಡು ಹಿತ್ತಿಲಿಗೆ ಹೋಗಿದೆ. ಆದರೂ ಡಬ್ಬಿಯ ಮೇಲೆ ತೂಕವಿಲ್ಲದೆ ಇಲ್ಲ. ಆ ಬೂದಿ ಬಣ್ಣದ ಮರಿ ಬೆಳೆದು ದೊಡ್ಡದಾಗಿ, ಇಡೀ ಮನೆಯಲ್ಲಿ ಮಲಗಲು ಅದೊಂದೇ ಜಾಗವೆಂದು ನಿರ್ಧರಿಸಿದೆ. ಔಷಧ ಬೇಕಾದವರು ಮೊದಲು ಅವಳನ್ನು ಎತ್ತಬೇಕು. ಎತ್ತಿದ ಮೇಲೆ ಎಲ್ಲಿಡಬೇಕೆಂದು ಯೋಚಿಸಬೇಕು. ಅಷ್ಟರಲ್ಲಿ ಮಾವಶಿ ಬಂದು ಕೇಳಬೇಕಾದದ್ದನ್ನು ಕೇಳಿಬಿಟ್ಟಿರುತ್ತಾಳೆ. ಈಚೆಗೆ ಎತ್ತುವಾಗ ಆ ಬೂದಿ ಬೆಕ್ಕಿನ ಹೊಟ್ಟೆ ಕೈಗೆ ತುಸು ಹೆಚ್ಚೇ ಭಾರವಾಗುತ್ತಿದೆ. ನಿನ್ನೆ ನಾನು ಕೆಲಸದಿಂದ ಮರಳಿದಾಗ, ಇಷ್ಟು ದಿನ ಬುರುಡೆಯಲ್ಲಿದ್ದ ಉಳ್ಳಾಗಡ್ಡಿ ಮತ್ತೆ ನೆಲದ ಮೇಲಿತ್ತು. ಸೀಳಿದ ಬುರುಡೆಯನ್ನು ಮಾವಶಿ ತೊಳೆದು ಬಿಸಿಲಿಗಿಟ್ಟಿದ್ದಳು.